ಮನೆಯಲ್ಲೇ ಟಿಪಿಎನ್: ಸಿಸ್ಟರನ್ನು ಕೇಳಿ

ಅಡ್ಮಿನ್: ಕರುಳು ಕೈಕೊಟ್ಟವರಿಗೆ ರಕ್ತನಾಳದ ಮೂಲಕ ಕೊಡುವ ಆಹಾರವೇ ಟಿಪಿಎನ್. ಅದನ್ನು ಮನೆಯವರಿಗೆ ಕಲಿಸುವ ಮಂಗಳೂರಿನ ನರ್ಸ್ ಒಬ್ಬರು ಇವತ್ತು ನಮ್ಮ ವಾಟ್ಸ್ಆ್ಯಪ್ ಗ್ರೂಪಿನಲ್ಲಿದ್ದಾರೆ. ನಿಮ್ಮ ಊರಿನ ಹೆಸರಲ್ಲೇ ಪ್ರಶ್ನೆ ಕೇಳಿ, ಫಾರ್ವರ್ಡ್ ಹಾಕಬೇಡಿ.

ಬಂಟ್ವಾಳ: ಮಳೆಗೆ ಕರೆಂಟ್ ಹೋದರೆ ಫ್ರಿಜ್‌ನಲ್ಲಿರುವ ಟಿಪಿಎನ್ ಬ್ಯಾಗ್ ಹಾಳಾಗುತ್ತದಾ?

ಸಿಸ್ಟರ್: 2ರಿಂದ 8 ಡಿಗ್ರಿ ಒಳಗೆ ಇರಬೇಕು. ಫ್ರಿಜ್ ಒಳಗೊಂದು ಥರ್ಮಾಮೀಟರ್ ಇಡಿ, ಬಾಗಿಲು ತೆರೆಯಬೇಡಿ. 8 ದಾಟಿದರೆ ಬ್ಯಾಗ್ ಕೊಟ್ಟವರನ್ನು ಕೇಳಿ.

ಕುಂದಾಪುರ: ಅಮ್ಮನ ಸಣ್ಣ ಕರುಳು ಮುಕ್ಕಾಲು ಭಾಗ ತೆಗೆದಿದ್ದಾರೆ. ತೋಳಿನಲ್ಲಿ ಪಿಕ್ ಲೈನ್ ಇದೆ, ಎದೆಯ ದೊಡ್ಡ ರಕ್ತನಾಳದವರೆಗೆ ಹೋಗುವ ತೆಳು ಕೊಳವೆ (ಸೆಂಟ್ರಲ್ ಲೈನ್). ರಾತ್ರಿ 8ಕ್ಕೆ ನಾನೇ ಬ್ಯಾಗ್ ಹಾಕುತ್ತೇನೆ. ಮೂರು ದಿನದಿಂದ ಹಾಕಿ ಒಂದು ಗಂಟೆಗೆ ಚಳಿ, ನಡುಕ. ಪ್ಯಾರಸಿಟಮಾಲ್ ಕೊಟ್ಟರೆ ಬೆಳಿಗ್ಗೆ ಆರಾಮ. ಮಳೆಗಾಲದ ಜ್ವರ ಅಲ್ವಾ?

ಸಿಸ್ಟರ್: ಅಲ್ಲ ಅಂತಲೇ ಹಿಡಿಯಿರಿ. ಲೈನ್ ಶುರು ಮಾಡಿದ ಮೇಲೆ ಚಳಿ ಬಂದರೆ ಮೊದಲು ಲೈನ್ ಮೇಲೇ ಅನುಮಾನ. ಅದರೊಳಗಿನ ರೋಗಾಣು ನೇರ ರಕ್ತಕ್ಕೆ ಹೋಗುತ್ತದೆ. ಮಾತ್ರೆ ಜ್ವರವನ್ನು ಮುಚ್ಚುತ್ತದೆ ಅಷ್ಟೆ. ಇವತ್ತು ಬ್ಯಾಗ್ ಹಾಕಬೇಡಿ, ಹಾಕಿದ್ದರೆ ನಿಲ್ಲಿಸಿ ಲೈನಿನ ಕ್ಲ್ಯಾಂಪ್ (ಕ್ಲಿಪ್) ಮುಚ್ಚಿ. ತಟ್ಟನೆ ನಿಲ್ಲಿಸಿದರೆ ಸಕ್ಕರೆ ಇಳಿಯಬಹುದು, ಗ್ಲುಕೋಮೀಟರ್‌ನಲ್ಲಿ ನೋಡುತ್ತಿರಿ. ಈಗಲೇ ಎಮರ್ಜೆನ್ಸಿಗೆ ಹೋಗಿ, ಬಾಗಿಲಲ್ಲೇ "ಸೆಂಟ್ರಲ್ ಲೈನ್ ಇದೆ, ಟಿಪಿಎನ್" ಅನ್ನಿ. ಆಂಟಿಬಯೋಟಿಕ್ ಕೊಡುವ ಮೊದಲು ಲೈನಿಂದ ಒಂದು, ಇನ್ನೊಂದು ಕೈಯಿಂದ ಒಂದು ರಕ್ತದ ಕಲ್ಚರ್ (ರೋಗಾಣು ಪತ್ತೆಯ ಪರೀಕ್ಷೆ) ತೆಗೀತೀರಾ ಅಂತ ಕೇಳಿ. ಅಂದಹಾಗೆ, ಕೈ ತೊಳೆದು ಯಾವುದರಲ್ಲಿ ಒರೆಸುತ್ತೀರಿ?

ಕುಂದಾಪುರ: ಸೋಪು ಹಾಕಿ ತೊಳೆದು ಬೈರಾಸಿನಲ್ಲಿ.

ಸಿಸ್ಟರ್: ಬಚ್ಚಲ ಗೋಡೆಗೆ ನೇತು ಹಾಕಿದ್ದು, ಆಷಾಢದಲ್ಲಿ ಎಂದೂ ಒಣಗದ್ದು, ಅಲ್ವಾ? ಅಲ್ಲಿಗೆ ತೊಳೆದದ್ದೆಲ್ಲ ನೀರಲ್ಲಿ ಹೋಮ. ಇನ್ನು ಮೇಲೆ ಪೇಪರ್ ಟವೆಲ್. ಲೈನಿನ ತುದಿಯನ್ನು ಸ್ಪಿರಿಟ್ ಸ್ವ್ಯಾಬ್‌ನಲ್ಲಿ 15 ಸೆಕೆಂಡ್ ಉಜ್ಜಿ, ತಾನಾಗಿ ಒಣಗಲು ಬಿಡಿ. ಬಾಯಿಂದ ಊದಬೇಡಿ. ಆದರೆ ಇದೆಲ್ಲ ನಾಳೆ. ಈಗ ಹೊರಡಿ.

ಸುರತ್ಕಲ್: ಯುದ್ಧದ ಕಾಲದಲ್ಲಿ ಬೊಂಡದ ನೀರನ್ನೇ (ಎಳನೀರನ್ನೇ) ನರಕ್ಕೆ ಹಾಕುತ್ತಿದ್ದರಂತೆ. ಫಾರ್ವರ್ಡ್ ಬಂದಿದೆ. ಇಷ್ಟು ದುಬಾರಿ ಬ್ಯಾಗ್ ಯಾಕೆ?

ಸಿಸ್ಟರ್: ಬೊಂಡದಲ್ಲಿ ಬೇಕಾದಷ್ಟು ಪ್ರೋಟೀನ್, ಕೊಬ್ಬು ಎಲ್ಲಿದೆ ಮಾರಾಯ್ರೆ? ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಲೈನಿಗೆ ಹಾಕಿದರೆ ಜೀವ ಹೋದೀತು. ಕರುಳು ಗಿಡ್ಡ ಆದವರು ಬಾಯಲ್ಲಿ ಜಾಸ್ತಿ ಕುಡಿದರೂ ಸ್ಟೋಮಾದಿಂದ (ಹೊಟ್ಟೆಯ ಮೇಲೆ ಮಾಡಿದ ಕರುಳಿನ ಬಾಯಿಯಿಂದ) ಇನ್ನಷ್ಟು ಹೊರಗೆ ಹೋಗುತ್ತದೆ. ಎಷ್ಟು ನೀರು, ಎಷ್ಟು ಓಆರ್‌ಎಸ್ ಅಂತ ಡಾಕ್ಟರ್ ಹೇಳಿದಷ್ಟೇ.

ಪುತ್ತೂರು: ನಮ್ಮ ಅಜ್ಜಿ ಬೊಂಡದಲ್ಲೇ ತೊಂಬತ್ತು ದಾಟಿದರು. ಇಂಗ್ಲಿಷ್ ಮದ್ದಿನವರಿಗೆ ನಮ್ಮದೆಲ್ಲ ತಾತ್ಸಾರ.

ಮಣಿಪಾಲ: ನಿಮ್ಮ ಅಜ್ಜಿಗೆ ಕರುಳು ಇತ್ತು ಸ್ವಾಮಿ.

ಪುತ್ತೂರು: ಮಾತು ಸರಿಯಾಗಿ ಆಡಿ.

ಸುರತ್ಕಲ್: ಕೇಳಿದ್ದೇ ತಪ್ಪಾಯಿತಾ?

ಕಾರ್ಕಳ: ತಿಂಗಳಿಗೆ ಎಷ್ಟು ಖರ್ಚು? ಇನ್ಶೂರೆನ್ಸ್ ಕೊಡುತ್ತಾ?

ಮೂಡುಬಿದಿರೆ: ಲೈನ್ ಸುತ್ತ ಕೆಂಪಾಗಿದೆ, ಅರಿಶಿನ ಹಚ್ಚಬಹುದಾ?

ಸಿಸ್ಟರ್: ಬೇಡ. ಇವತ್ತೇ ಆಸ್ಪತ್ರೆಯಲ್ಲಿ ತೋರಿಸಿ.

ಉಳ್ಳಾಲ: ಬ್ಯಾಗ್ ಮೇಲೆ ಎಣ್ಣೆ ತೇಲುತ್ತಿದೆ. ಅಲ್ಲಾಡಿಸಿದರೆ ಸಾಕಾ?

ಸಿಸ್ಟರ್: ಸಾಲದು. ಹಳದಿ ಎಣ್ಣೆಯ ಪದರ ಬೇರೆಯಾಗಿದ್ದರೆ ಆ ಬ್ಯಾಗ್ ಮುಗಿಯಿತು. ವಾಪಸ್ ಕೊಡಿ.

ಬೈಂದೂರು: ಕರೆಂಟ್ ಹೋದರೆ ಬ್ಯಾಗ್ ಏನಾಗುತ್ತದೆ?

ಸಿಸ್ಟರ್: ಮೇಲೆ ಓದಿ.

ಪುತ್ತೂರು: ಅಡ್ಮಿನ್, ಮಣಿಪಾಲದವರು ಕ್ಷಮೆ ಕೇಳಬೇಕು.

ಕುಂದಾಪುರ: ಕಾರಲ್ಲಿದ್ದೇವೆ ಸಿಸ್ಟರ್. ಜ್ವರ 102. ಬ್ಯಾಗ್ ತರಬೇಕಿತ್ತಾ?

ಸಿಸ್ಟರ್: ನಿನ್ನೆಯದು ಇದ್ದರೆ ಪರೀಕ್ಷೆಗೆ ಒಳ್ಳೆಯದಿತ್ತು, ಅದಕ್ಕಾಗಿ ತಿರುಗಬೇಡಿ. ತಲುಪಿ ಫೋನ್ ಮಾಡಿ. ಉಳಿದವರೆಲ್ಲ ಸ್ವಲ್ಪ ಸುಮ್ನಿರಿ.