ಅಪ್‌ಡೇಟ್: ಅವ್ವನ ಫೋನ್ ಕಾಲ್ ಈಗ ಕಾರಿಗೆ ಹಾರುತ್ತಿಲ್ಲ

ಹೋದ ವಾರ ಕೇಳಿದ್ದೆ: ಧಾರವಾಡದ ನಮ್ಮನೆ ಮುಂದೆ ಯಜಮಾನರು ಕಾರು ಸ್ಟಾರ್ಟ್ ಮಾಡಿದ ಕೂಡಲೇ ಒಳಗಿರುವ ನನ್ನ ಫೋನ್ ಅದಕ್ಕೆ ಕನೆಕ್ಟ್ ಆಗುತ್ತೆ, ಹೆಡ್‌ಸೆಟ್‌ನಲ್ಲಿದ್ದ ಮಾತು ಅರ್ಧಕ್ಕೇ ಕಾರಿಗೆ ಹೋಗುತ್ತೆ, ಏನು ಮಾಡಲಿ ಅಂತ. ಬ್ಲೂಟೂತ್ ಆಫ್ ಮಾಡಿ ಅಂದವರೇ ಜಾಸ್ತಿ. ಆಗ ಹೆಡ್‌ಸೆಟ್ಟೂ ಬಂದ್ ಆಗುತ್ತಲ್ವಾ?

ಕೊನೆಗೆ ಸಿಕ್ಕಿದ್ದು ಇದು. ನನ್ನ ಆಂಡ್ರಾಯ್ಡ್ ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಕಾರಿನ ಹೆಸರಿನ ಪಕ್ಕ ಗೇರ್ ಗುರುತು ಇದೆ. ಅದನ್ನು ಒತ್ತಿದರೆ ಕಾಲ್‌ಗೆ ಒಂದು, ಹಾಡಿಗೆ ಒಂದು ಬೇರೆ ಬೇರೆ ಸ್ವಿಚ್. ಕಾಲ್‌ನದ್ದು ಆಫ್ ಮಾಡಿದೆ, ಹಾಡಿನದ್ದು ಹಾಗೇ ಬಿಟ್ಟೆ. ಹುಬ್ಬಳ್ಳಿಗೆ ಹೋಗುವಾಗ ಹಾಡು ಬೇಕೇ ಬೇಕು.

ನಿನ್ನೆ ಗದಗದಿಂದ ಅವ್ವ ರಂಜಕಕ್ಕೆ ಬೆಳ್ಳುಳ್ಳಿ ಎಷ್ಟು ಹಾಕಬೇಕು ಅಂತ ಹೇಳ್ತಿದ್ದಳು. ಹೊರಗೆ ಕಾರು ಸ್ಟಾರ್ಟ್ ಆಯ್ತು. ಅವಳ ಮಾತು ನನ್ನ ಕಿವಿಯಲ್ಲೇ ಉಳಿಯಿತು. ಎಷ್ಟು ಖುಷಿಯಾಯ್ತು ಗೊತ್ತಾ!