ಹಾರರ್ ಸಿನಿಮಾಗೆ ಅರ್ಧಂಬರ್ಧ ಹಣ ಸಿಕ್ಕಿದೆ, ಶೂಟಿಂಗ್ ಶುರು ಮಾಡಬಹುದಾ?

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. 92 ಪುಟದ ಹಾರರ್ ಚಿತ್ರಕಥೆ ಸಿದ್ಧವಾಗಿದೆ. ಒಂದೇ ಮನೆ, ಐದು ಪಾತ್ರ, ಮುಕ್ಕಾಲು ಭಾಗ ರಾತ್ರಿ ನಡೆಯುವ ಕಥೆ. ಬಜೆಟ್‌ನ ಶೇ 60ರಷ್ಟು ಕೊಡ್ತೀವಿ ಅಂತ ಮೂವರು ಬಾಯಿಮಾತಲ್ಲಿ ಒಪ್ಪಿದ್ದಾರೆ. ಅಷ್ಟರಲ್ಲೇ 18 ದಿನದಲ್ಲಿ ಶೂಟ್ ಮುಗಿಸಿ, ಫುಟೇಜ್ ತೋರಿಸಿ ಉಳಿದ ಹಣ ಎತ್ತೋಣ ಅಂತ ನಮ್ಮ ಸಹನಿರ್ಮಾಪಕರ ಯೋಚನೆ. ಇದು ಸರಿನಾ?

ಉತ್ತರ (ಲೈನ್ ಪ್ರೊಡ್ಯೂಸರ್, ಅಂದರೆ ಬಜೆಟ್ ಮತ್ತು ಶೂಟಿಂಗ್ ನಿಭಾಯಿಸುವವರು)
ಬೇಡ, ದಯವಿಟ್ಟು ಈಗಲೇ ಶುರು ಮಾಡಬೇಡಿ. ಹಾರರ್‌ನಲ್ಲಿ ಭಯದ ಬಹುಪಾಲು ಹುಟ್ಟೋದು ಎಡಿಟಿಂಗ್ ಮತ್ತು ಸೌಂಡ್ ಡಿಸೈನ್‌ನಲ್ಲಿ. ಸೌಂಡ್ ಇಲ್ಲದ ರಫ್ ಕಟ್‌ನಲ್ಲಿ (ಮೊದಲ ಕಚ್ಚಾ ಜೋಡಣೆ) ಕಾಣೋದು ಕತ್ತಲಲ್ಲಿ ನಿಧಾನವಾಗಿ ನಡೆಯೋ ಒಬ್ಬ ಹುಡುಗಿ, ಅಷ್ಟೆ. ಅದನ್ನ ನೋಡಿ ಹೊಸಬರು ಹಣ ಹಾಕೋದಿರಲಿ, ಹಾಕಿದವರೂ ಕೈ ಎಳೆದುಕೊಳ್ಳೋಕೆ ನೋಡ್ತಾರೆ. ಪೋಸ್ಟ್ ಪ್ರೊಡಕ್ಷನ್ (ಶೂಟ್ ಆದಮೇಲಿನ ಎಡಿಟಿಂಗ್, ಸೌಂಡ್ ಕೆಲಸ) ಹಣ ಮೊದಲ ದಿನದ ಶೂಟ್‌ಗೂ ಮುಂಚೆ ಬೇರೆ ಖಾತೆಯಲ್ಲಿ ಕೂತಿರಬೇಕು. ಜೊತೆಗೆ ಬಜೆಟ್‌ನ ಶೇ 10ರಷ್ಟನ್ನ ಅನಿರೀಕ್ಷಿತ ಖರ್ಚಿಗೆ ಅಂತ ಎತ್ತಿಡಿ.

ಇನ್ನು 18 ದಿನದ ಲೆಕ್ಕ. 92 ಪುಟ ಅಂದ್ರೆ ದಿನಕ್ಕೆ ಐದು ಪುಟದ ಮೇಲಾಯ್ತು. ಮಾತಿನ ಸೀನ್‌ಗಳಾದ್ರೆ ಎಳೆದಾಡಿ ಮುಗಿಸಬಹುದು, ಆದ್ರೆ ಹಾರರ್‌ಗೆ ಪುಟದ ಲೆಕ್ಕವೇ ಮೋಸ. ಉದಾಹರಣೆಗೆ, ‘ಕಪಾಟಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಒಳಗಿಂದ ಒಂದು ಕೈ ಅವಳ ಕಾಲು ಹಿಡಿಯುತ್ತದೆ.’ ಕಾಗದದ ಮೇಲೆ ಪುಟದ ಎಂಟನೇ ಒಂದು ಭಾಗ. ಸೆಟ್‌ನಲ್ಲಿ? ಅವಳ ಮುಖ, ಬಾಗಿಲಿನ ಕ್ಲೋಸ್, ಕೈ ಹೊರಬರೋದು, ಕಾಲು, ಅವಳು ಬೀಳೋದು, ವೈಡ್ ಸೇರಿ ಆರು ಶಾಟ್. ಬಾಗಿಲನ್ನ ಮೀನಿನ ಗಾಳದ ದಾರ ಕಟ್ಟಿ ಎಳೀಬೇಕು. ಲೈಟ್ ಬಿದ್ದ ಕಡೆ ದಾರ ಮಿನುಗುತ್ತೆ, ಅದಕ್ಕೆ ಮಾರ್ಕರ್‌ನಲ್ಲಿ ಕಪ್ಪು ಬಳೀಬೇಕು. ಒಳಗೆ ಕೂರೋ ಮನುಷ್ಯನಿಗೆ ಗಾಳಿ ಆಡೋ ಹಾಗೆ ಕಪಾಟಿನ ಹಿಂದಿನ ಹಲಗೆ ಬಿಚ್ಚಿರಬೇಕು. ಶಾಟ್‌ಗೆ 40 ನಿಮಿಷ ಹಿಡಿದರೂ ನಾಲ್ಕು ಗಂಟೆ ಹೋಯ್ತು.

ಹಾಗಾಗಿ ಪ್ರತಿ ಸೀನ್‌ಗೂ ಪುಟದ ಬದಲು ಶಾಟ್ ಎಣಿಸಿ. ಪಟ್ಟಿಯಲ್ಲಿ ಮಾತಿನ ಸೀನ್‌ಗೆ ಒಂದು ಬಣ್ಣದ ಗುರುತು ಹಾಕಿ; ರಕ್ತ, ಸ್ಟಂಟ್, ಪ್ರಾಸ್ಥೆಟಿಕ್ (ಮೈಗೆ ಅಂಟಿಸೋ ಕೃತಕ ಚರ್ಮ) ಇರೋವಕ್ಕೆ ಇನ್ನೊಂದು ಬಣ್ಣ. ಹೊಸದಾಗಿ ಕೂಡಿಸಿದ್ರೆ 23–24 ದಿನ ಬಂದ್ರೂ ಗಾಬರಿಯಾಗಬೇಡಿ, ಬಜೆಟ್ ಅದಕ್ಕೆ ಹೊಂದದಿದ್ರೆ ಈಗಲೇ ಚಿತ್ರಕಥೆಯಲ್ಲಿ ಸೀನ್ ಕತ್ತರಿಸಿ. ಸೆಟ್‌ನಲ್ಲಿ ಕತ್ತರಿಸಿದ್ರೆ ಮೊದಲು ಹೋಗೋದು ಕ್ಲೈಮ್ಯಾಕ್ಸ್‌ನ ಶಾಟ್‌ಗಳೇ.

ರಾತ್ರಿಯ ಒಳಾಂಗಣ ಸೀನ್‌ಗಳನ್ನ ಹಗಲಲ್ಲೇ ತೆಗೀಬಹುದು. ಆದ್ರೆ ಕಪ್ಪು ಬಟ್ಟೆಯನ್ನ ಗಾಜಿಗೆ ಅಂಟಿಸಬೇಡಿ, ಕಿಟಕಿ ಬಣ್ಣ ಬಳಿದ ಗೋಡೆ ಥರ ಕಾಣುತ್ತೆ. ಹೊರಗೆ ಐದಾರು ಅಡಿ ದೂರ ಡೇರೆಯ ಹಾಗೆ ಕಟ್ಟಿ, ಮಧ್ಯದಲ್ಲಿ ಒಂದು ಸಣ್ಣ ನೀಲಿ ಲೈಟ್ ಇಡಿ. ನಿಜವಾದ ರಾತ್ರಿ ಶೂಟ್‌ಗಳನ್ನೆಲ್ಲ ಒಟ್ಟಿಗೆ ಸೇರಿಸಿ, ಹಗಲಿಂದ ರಾತ್ರಿಗೆ ಹೊರಳುವಾಗ ನಡುವೆ ಒಂದು ದಿನ ರಜೆ ಕೊಡಿ. ನಿದ್ದೆಗೆಟ್ಟ ತಂಡ ಸ್ಟಂಟ್‌ನಲ್ಲಿ ತಪ್ಪು ಮಾಡುತ್ತೆ.

ಮರುಪ್ರಶ್ನೆ
ಧನ್ಯವಾದ ಸರ್. ರಕ್ತ ಮತ್ತು ಪ್ರಾಸ್ಥೆಟಿಕ್‌ಗೆ ಎಷ್ಟು ಮುಂಚೆ ತಯಾರಿ ಬೇಕು? ಪ್ರೇತದ ಪಾತ್ರ ಆರು ದಿನ ಕ್ಯಾಮೆರಾ ಮುಂದೆ ಇರುತ್ತೆ.

ಉತ್ತರ (ಮೇಕಪ್ ಎಫೆಕ್ಟ್ಸ್ ಕಲಾವಿದೆ)
ಶೂಟ್‌ಗೆ ಕನಿಷ್ಠ ಆರು ವಾರ ಮುಂಚೆ ಆ ನಟ ಯಾರು ಅಂತ ಖಚಿತವಾಗಿರಬೇಕು. ಅವರ ಮುಖದ ಅಚ್ಚು ತೆಗೆದು, ಅದರ ಮೇಲೆ ಜೇಡಿಮಣ್ಣಲ್ಲಿ ರೂಪ ಕೊಟ್ಟು, ಮತ್ತೆ ಅಚ್ಚು ಮಾಡಿ ಸಿಲಿಕೋನ್ ಎರೀಬೇಕು. ಕೊನೇ ಗಳಿಗೆಯಲ್ಲಿ ನಟ ಬದಲಾದ್ರೆ ಅಷ್ಟೂ ಕೆಲಸ ವ್ಯರ್ಥ. ಸಿಲಿಕೋನ್ ತುಂಡಿನ ಅಂಚು ಕಾಗದಕ್ಕಿಂತ ತೆಳು, ಬಿಚ್ಚುವಾಗ ಹರಿಯುತ್ತೆ. ಅದಕ್ಕೇ ದಿನಕ್ಕೊಂದು ಹೊಸದು: ಆರು ದಿನಕ್ಕೆ ಆರು, ಹೆಚ್ಚುವರಿ ಎರಡು. ಅಂಟನ್ನ ಮೊದಲೇ ಆ ನಟರ ಕೈಗೆ ಹಚ್ಚಿ 24 ಗಂಟೆ ಬಿಟ್ಟು ಅಲರ್ಜಿ ನೋಡಿ. ಈ ಖರ್ಚೆಲ್ಲ ಶೂಟ್‌ಗೆ ಮುಂಚೆಯೇ ಬರುತ್ತೆ, ಹಣ ಬರೋ ವೇಳಾಪಟ್ಟಿಯಲ್ಲಿ ಇದನ್ನ ಮರೀಬೇಡಿ.

ರಕ್ತಕ್ಕೆ ಕಾರ್ನ್ ಸಿರಪ್ (ಮೆಕ್ಕೆಜೋಳದ ದಪ್ಪ ಪಾಕ), ಕೆಂಪು ಫುಡ್ ಕಲರ್, ಕಪ್ಪು ಛಾಯೆಗೆ ಚೂರು ನೀಲಿ ಅಥವಾ ಕೋಕೋ ಪುಡಿ. ಬಟ್ಟೆ ಮೇಲೆ ಹರಡೋಕೆ ಕೆಲವು ಹನಿ ಪಾತ್ರೆ ತೊಳೆಯೋ ಸೋಪು ಹಾಕ್ತಾರೆ. ಆ ಬ್ಯಾಚ್ ಬಾಯಿ, ಕಣ್ಣಿನ ಹತ್ತಿರ ಬರಲೇಬಾರದು, ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ನಿಮ್ಮ ಲೈಟ್, ನಿಮ್ಮ ಬಟ್ಟೆ, ನಿಮ್ಮ ಕ್ಯಾಮೆರಾದಲ್ಲಿ ಟೆಸ್ಟ್ ಮಾಡದೆ ಬಣ್ಣ ಒಪ್ಪಬೇಡಿ. ನೀಲಿ ಲೈಟ್‌ನಲ್ಲಿ ಚೆಂದದ ಕೆಂಪು ಟಾರ್‌ನಂತೆ ಕಪ್ಪಾಗುತ್ತೆ. ರಕ್ತದ ಸೀನ್‌ಗೆ ಒಂದೇ ಉಡುಪಿನ ಮೂರು ಜೊತೆ ಕನಿಷ್ಠ. ಪ್ರತಿ ಟೇಕ್ ಆದಮೇಲೆ ನೆಲ ಒರೆಸಿ, ನಟರನ್ನ ತೊಳೆಸಿ, ಬಟ್ಟೆ ಬದಲಿಸೋಕೆ ಅರ್ಧ ಗಂಟೆ ಹಿಡಿಯಿರಿ.

ಮರುಪ್ರಶ್ನೆ
ಹಾಗಾದ್ರೆ ಬಾಕಿ ಶೇ 40ಕ್ಕೆ ಏನು ತೋರಿಸೋದು? ಬಾಯಿಮಾತಿನ ಮೂವರ ಹತ್ರ ಏನು ಬರೆಸಿಕೊಳ್ಳೋದು?

ಉತ್ತರ (ಲೈನ್ ಪ್ರೊಡ್ಯೂಸರ್)
ಒಂದೇ ಒಂದು ಹೆದರಿಸೋ ಸೀನ್ ಆರಿಸಿ, ಮೂರು ನಿಮಿಷ, ಸೌಂಡ್ ಸಮೇತ ಪೂರ್ತಿ ಮುಗಿಸಿ ತೋರಿಸಿ. ಟ್ರೇಲರ್ ಥರ ತುಣುಕು ಜೋಡಿಸಬೇಡಿ. ನಿಮಗೆ ಭಯವನ್ನ ಕಟ್ಟಿ, ಹಿಡಿದು, ಬಿಡೋಕೆ ಬರುತ್ತಾ ಅನ್ನೋದೇ ಅವರಿಗೆ ಬೇಕಾದ ಸಾಕ್ಷಿ. ಅಮೆರಿಕದ ನಿರ್ದೇಶಕ ಸ್ಯಾಮ್ ರೈಮಿ ತಮ್ಮ ಹಾರರ್ ಸಿನಿಮಾ ‘ದಿ ಈವಿಲ್ ಡೆಡ್’ಗೆ (1981) ಹಣ ಎತ್ತೋಕೆ 1978ರಲ್ಲಿ ಅರ್ಧ ಗಂಟೆಯ ಕಿರುಚಿತ್ರ ಮಾಡಿ ತೋರಿಸಿದ್ದು ಇದೇ ಕಾರಣಕ್ಕೆ. ಅದರ ಜೊತೆ ಶಾಟ್ ಎಣಿಸಿ ಮಾಡಿದ ಬಜೆಟ್, ಶೆಡ್ಯೂಲ್ ಇಡಿ.

ಉತ್ತರ (ಸಿನಿಮಾ ಒಪ್ಪಂದ ನೋಡುವ ವಕೀಲರು)
ಬಾಯಿಮಾತನ್ನ ಬಜೆಟ್‌ನಲ್ಲಿ ಸೊನ್ನೆ ಅಂತಲೇ ಹಿಡೀರಿ. ಬರಹದಲ್ಲಿ ಮೂರು ವಿಷಯ ಇರಲಿ: ಹಣ ಯಾವ ದಿನಾಂಕಕ್ಕೆ ಯಾವ ಖಾತೆಗೆ ಬರುತ್ತೆ; ನಿಗದಿತ ಮೊತ್ತ ಒಟ್ಟಾಗದೆ ಅದನ್ನ ಮುಟ್ಟೋ ಹಾಗಿಲ್ಲ ಅನ್ನೋದು; ಬಂದ ಆದಾಯ ಯಾವ ಕ್ರಮದಲ್ಲಿ ಹಂಚಿಕೆ. ಸಾಮಾನ್ಯ ಕ್ರಮ ಹೀಗೆ: ಮಾರಾಟದ ಖರ್ಚು ಕಳೆದು, ಮೊದಲು ಹೂಡಿಕೆದಾರರಿಗೆ ಹಾಕಿದ್ದರ ಶೇ 120, ಆಮೇಲೆ ಉಳಿದದ್ದು ಹೂಡಿಕೆದಾರರಿಗೂ ನಿರ್ಮಾಣದ ಕಡೆಗೂ ಸಮಪಾಲು. 100 ಹಾಕಿ 150 ಬಂದ್ರೆ, ಅವರಿಗೆ 120 ಮತ್ತು ಉಳಿದ 30ರಲ್ಲಿ 15. ಸಂಬಳವನ್ನ ಸಿನಿಮಾಗೆ ಆದಾಯ ಬಂದಮೇಲೆ ತಗೊಳ್ತೀನಿ ಅಂದ ತಂತ್ರಜ್ಞರು ಈ ಸಾಲಲ್ಲಿ ಎಲ್ಲಿ ನಿಲ್ತಾರೆ ಅನ್ನೋದನ್ನೂ ಬರೀರಿ, ಜಗಳ ಹುಟ್ಟೋದೇ ಅಲ್ಲಿ.

ಚಿತ್ರಕಥೆ ಬರೆದವರು ಗೆಳೆಯರೇ ಆಗಿದ್ರೂ ಹಕ್ಕನ್ನ ಬರಹದಲ್ಲಿ ಕಂಪನಿಗೆ ವರ್ಗಾಯಿಸಿ. ಹಕ್ಕಿನ ಸರಪಳಿಯಲ್ಲಿ (ಹಕ್ಕು ಯಾರಿಂದ ಯಾರಿಗೆ ಬಂತು ಅನ್ನೋ ದಾಖಲೆಗಳು) ಒಂದು ಕೊಂಡಿ ತಪ್ಪಿದ್ರೂ ಯಾವ ವಿತರಕರೂ ಕೊಳ್ಳಲ್ಲ. 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ನ ಹೆಸರು ಬದಲಿಸುವಾಗ ಪ್ರಿಂಟ್‌ನಿಂದ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋಯ್ತು, ಅಂದಿನ ಅಮೆರಿಕದ ಕಾನೂನಿನಂತೆ ಸಿನಿಮಾ ಸಾರ್ವಜನಿಕ ಸ್ವತ್ತಾಯ್ತು, ಯಾರು ಬೇಕಾದರೂ ಮಾರಿಕೊಂಡರು.

ಉತ್ತರ (ಲೈನ್ ಪ್ರೊಡ್ಯೂಸರ್)
ಒಂದು ಮಾತು ಬಿಟ್ಟುಹೋಗಿತ್ತು. ಪ್ರಾಸ್ಥೆಟಿಕ್ ಇರೋ ಆರೂ ದಿನ ಸೆಟ್‌ಗೆ ಸ್ಟಿಲ್ ಫೋಟೋಗ್ರಾಫರ್ ಬರಲಿ. ವೀಡಿಯೊದಿಂದ ಎತ್ತಿದ ಫ್ರೇಮ್ ಮಸುಕಾಗಿರುತ್ತೆ, ಪೋಸ್ಟರ್‌ಗೆ ಆಗಲ್ಲ. ಸೌಂಡ್ ಮಿಕ್ಸ್ ಒಪ್ಪಂದದಲ್ಲಿ ಮಾತಿಲ್ಲದ, ಸಂಗೀತ ಮತ್ತು ಎಫೆಕ್ಟ್ಸ್ ಮಾತ್ರ ಇರೋ ಟ್ರ್ಯಾಕ್ ಕೂಡ ಕೊಡಬೇಕು ಅಂತ ಈಗಲೇ ಸೇರಿಸಿ, ಬೇರೆ ಭಾಷೆಗೆ ಡಬ್ ಮಾಡೋರು ಮೊದಲು ಕೇಳೋದು ಅದನ್ನೇ.