ಸಿಗ್ನಲ್ ಕಡ್ಡಿ ಎರಡು ತೋರಸ್ತೈತಿ, ಫೋನಿನ ಚಾರ್ಜ್ ಯಾಕ ನಿಲ್ಲವಲ್ದು?

ಪ್ರಶ್ನೆ (ಶಿರಹಟ್ಟಿ ತಾಲೂಕಿನವ, ಕೆಲಸ ಹುಬ್ಬಳ್ಳ್ಯಾಗ):
ಅಣ್ಣಾರ ನಮಸ್ಕಾರ್ರೀ. ನೀವು ಮೊದಲ ಟವರ್ ಕೆಲಸದಾಗ ಇದ್ರಿ, ಈಗ ಮೊಬೈಲ್ ರಿಪೇರಿ ಅಂಗಡಿ ಇಟ್ಟೀರಿ ಅಂತ ಹೇಳಿದ್ರು, ಅದಕ್ಕ ಕೇಳಾಕತ್ತೀನಿ. ಫೋನ್ ತಗೊಂಡು ಆರು ತಿಂಗಳಾತು, 5000 ಎಂಎಎಚ್ ಬ್ಯಾಟರಿ. ಗೋಕುಲ ರೋಡಿನ ರೂಮಿನ್ಯಾಗ ಇದ್ದಾಗ ಇವತ್ತ ಮುಂಜಾನೆ ಹಾಕಿದ ಚಾರ್ಜು ನಾಳಿ ನಾಷ್ಟಾ ತನಕಾ ಬರ್ತೈತಿ. ಶನಿವಾರ ಊರಿಗೆ ಹೋದ್ರ, ನಮ್ಮೂರು ಕಪ್ಪತಗುಡ್ಡದ ಬುಡಕ ಐತಿ, ಮಧ್ಯಾಹ್ನ ಮೂರರ ಸುಮಾರಿಗೆ 15 ಪರ್ಸೆಂಟಿಗೆ ಬಂದಿರ್ತೈತಿ. ಏನೂ ನೋಡಿರಂಗಿಲ್ಲ, ಹೊಲದಾಗ ಕಿಸೆದಾಗ ಸುಮ್ನ ಬಿದ್ದಿರ್ತೈತಿ, ಮುಟ್ಟಿ ನೋಡಿದ್ರ ಬೆಚ್ಚಗ. ಅಂಗಡ್ಯಾಗ ತೋರಿಸಿದ್ರ ಬ್ಯಾಟರಿ ಚಲೋ ಐತಿ ಅಂದ್ರು. ನನ್ನ ತಮ್ಮ ಒಂದು ವಿಡಿಯೋ ನೋಡ್ಯಾನ, *#*#4636#*#* ಒತ್ತಿ ಬರೂ ಗುಪ್ತ ಮೆನುವಿನ್ಯಾಗ ಎಲ್‌ಟಿಇ ಓನ್ಲಿ (4ಜಿ ಅಷ್ಟ) ಮಾಡು, ಇಲ್ಲಾ ಬ್ಯಾಂಡ್ 40 ಅನ್ನೂ ಒಂದ ರೇಡಿಯೋ ಅಲೀ ಪಟ್ಟಿಗೆ ಲಾಕ್ ಮಾಡು, ಸ್ಪೀಡೂ ಬರ್ತೈತಿ ಚಾರ್ಜೂ ಉಳಿತೈತಿ ಅಂತಾನ. ಮಾಡ್ಲೋ ಬ್ಯಾಡೋ? ಮತ್ತ ನಮ್ಮಪ್ಪನ ಕೀಪ್ಯಾಡ್ ಫೋನು ಅದ ಮನ್ಯಾಗ ನಾಕ್ ದಿನ ಬರ್ತೈತಲ್ರೀ, ಅದ್ಹೆಂಗ?

ಉತ್ತರ:
ತಮ್ಮಾ, ನಿನ್ನ ಫೋನಿಗೆ ಏನೂ ಆಗಿಲ್ಲ, ಅದು ಒದರಿ ಒದರಿ ದಣದೈತಿ ಅಷ್ಟ. ನಾವೆಲ್ಲಾ ಸಿಗ್ನಲ್ ಅಂದ್ರ ಟವರ್‌ನಿಂದ ಫೋನಿಗೆ ಬರೂದು ಅಂತ ತಿಳ್ಕೊಂಡೀವಿ. ಫೋನೂ ತಿರುಗಿ ಟವರ್‌ಗೆ ಮಾತಾಡಬೇಕಲ್ಲ? ಬಾಜೂಕ ಕುಂತಾಂವಗ ಪಿಸುಗುಟ್ಟಿದ್ರೂ ನಡೀತೈತಿ, ಆಚೀ ಹೊಲದಾಗ ಗಳೆ ಹೊಡಿಯಾಂವಗ ರೊಟ್ಟಿ ತಂದೀನಿ ಬಾ ಅಂತ ಹೇಳಬೇಕಂದ್ರ ಬದುವಿನ ಮ್ಯಾಲ ನಿಂತು ಗಂಟಲಾ ಹರಕೋಬೇಕು. 4ಜಿ ಫೋನು ಸಾಮಾನ್ಯ ಜಾಸ್ತಿ ಅಂದ್ರ 200 ಮಿಲಿವ್ಯಾಟ್ ತನಕಾ ಒದರಬಹುದು. ಟವರ್ ಸನೇಕ ಇದ್ರ ಅದರಾಗಿನ ಸಾವಿರ ಪಾಲಿನ್ಯಾಗ ಒಂದ್ ಪಾಲು ಸಾಕಾಗ್ತೈತಿ. ಜೋರ ಮಾತಾಡು, ಸಾವಕಾಶ ಮಾತಾಡು ಅಂತ ಸೆಕೆಂಡಿಗೆ ಎಷ್ಟೋ ಸಲ ಟವರೇ ಫೋನಿಗೆ ಹೇಳ್ತಿರ್ತೈತಿ. ನಿಮ್ಮೂರಾಗ ಗುಡ್ಡದ ಮರೀಗೆ ಸಿಗ್ನಲ್ ಕಡಿಮಿ ಆಗಿ ಅದು ಕಡೀ ಜೋರಿಗೆ ಹೋಗಿ ಕುಂತೈತಿ, ಆವಾಗ ಒಳಗಿನ ಆಂಪ್ಲಿಫೈಯರ್ ತಿಂದ ಕರೆಂಟಿನ್ಯಾಗ ಅರ್ಧಕ್ಕಿಂತ ಜಾಸ್ತಿ ಬರೇ ಕಾವು ಆಗಿ ಹೋಗ್ತೈತಿ, ಕಿಸೆದಾಗಿನ ಆ ಬೆಚ್ಚಗಿಂದು ಅದ.

ನೀ ನೋಡದಿದ್ರೂ ವಾಟ್ಸಾಪು, ಮೇಲು, ಫೋಟೋ ಬ್ಯಾಕಪ್ಪು ಹಿಂದ ನಡದ ಇರ್ತಾವ. ಹುಬ್ಬಳ್ಳ್ಯಾಗ ಎರಡು ಸೆಕೆಂಡಿನ್ಯಾಗ ಹೋಗೂ ಫೋಟೋ ಊರಾಗ ಎರಡು ನಿಮಿಷ ಹೋಗ್ತೈತಿ, ಅಷ್ಟೂ ಹೊತ್ತು ಪೂರ್ತಿ ಜೋರಿನ್ಯಾಗ ಒದರಬೇಕು. ನಡುವ ಸಿಗ್ನಲ್ ಪೂರಾ ಹೋತಂದ್ರ ಇರೂ ಬ್ಯಾಂಡೆಲ್ಲಾ ಒಂದೊಂದ ಹುಡುಕಾಕ ಹತ್ತೈತಿ, ಅದೂ ಚಾರ್ಜ್ ತಿಂತೈತಿ.

ಈ ಕಡ್ಡಿ ನೋಡೂದು ಬಿಡ್ರಿ ಮೊದಲ. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕು ಅನ್ನೂದಕ್ಕ ಎಲ್ಲಾರಿಗೂ ಒಂದ ಅಳತಿ ಅಂತ ಇಲ್ಲ, ಫೋನ್ ಮಾಡಾವ್ರು ತಮಗ ತಿಳದಂಗ ಇಟ್ಟಿರ್ತಾರ. ಸೆಟ್ಟಿಂಗ್ಸ್‌ನ್ಯಾಗ ಅಬೌಟ್ ಫೋನ್, ಅದರಾಗ ಸ್ಟೇಟಸ್, ಅದರಾಗ ಸಿಮ್ ಸ್ಟೇಟಸ್ ಒತ್ತಿದ್ರ ಸಿಗ್ನಲ್ ಸ್ಟ್ರೆಂತ್ ಅಂತ ಮೈನಸ್ ನಂಬರ್ ಬರ್ತೈತಿ, ಡಿಬಿಎಂ ಅನ್ನೂ ಸಿಗ್ನಲ್ ಅಳಿಯೂ ಲೆಕ್ಕದಾಗ. ಐಫೋನ್ ಇದ್ದಾವ್ರು *3001#12345#* ಒತ್ತಿ ಕಾಲ್ ಬಟನ್ ಒತ್ರಿ. ಮೈನಸ್ ಅಂದಕೂಡ್ಲೆ ಎಲ್ಲಾರೂ ಗಲಿಬಿಲಿ ಆಗ್ತಾರ. ಸಾಲ ಅಂತ ತಿಳ್ಕೋರಿ, 85 ರೂಪಾಯಿ ಸಾಲ ಇದ್ದಾಂವ 115 ಇದ್ದಾಂವಗಿಂತ ಆರಾಮ ಇರ್ತಾನ. 4ಜಿಗೆ -85, -90 ಭಾಳ ಚಲೋ, -105 ತನಕಾ ನಡೀತೈತಿ, -115 ದಾಟಿತಂದ್ರ ಫೋನ್ ಒದ್ದಾಡಾಕತ್ತೈತಿ ಅಂತ ಅರ್ಥ. ಆದ್ರ ಸಾಲದ ಲೆಕ್ಕ ಇಲ್ಲಿ ಸೀದಾ ಇಲ್ಲ ಮತ್ತ, 10 ನಂಬರ್ ಇಳದ್ರ ಹತ್ತು ಪಟ್ಟು ಕಡಿಮಿ, -85ರಿಂದ -115ಕ್ಕ ಬಂದ್ರ ಸಾವಿರ ಪಟ್ಟು.

ಈಗ ನಿನ್ನ ತಮ್ಮನ ಬ್ಯಾಂಡ್ 40. ಅದು 2300 ಮೆಗಾಹರ್ಟ್ಸ್. ಸಿಟ್ಯಾಗ ಟವರ್ ಹತ್ರ ಹತ್ರ ಇದ್ದಲ್ಲೆ ಅದರಾಗ ಸ್ಪೀಡ್ ಬರ್ತೈತಿ ಖರೇ. ಆದ್ರ ಮೆಗಾಹರ್ಟ್ಸ್ ಏರಿದಂಗ ದೂರ ಮುಟ್ಟೂದು, ಗ್ವಾಡಿ ದಾಟೂದು ಕಡಿಮಿ ಆಗ್ತೈತಿ. ಹಳ್ಳಿ ಕಡೆ ದೂರಿಂದ ಬಂದು ಮುಟ್ಟಾವು 700ರ ಬ್ಯಾಂಡ್ 28, 850ರ ಬ್ಯಾಂಡ್ 5, 900ರ ಬ್ಯಾಂಡ್ 8. ನಿನ್ನ ಫೋನು ಅಲ್ಲೆ ಅಂಥಾದ್ದ ಯಾವುದಕ್ಕರ ಜೋತುಬಿದ್ದು ಹೆಂಗೋ ಜೀವಾ ಹಿಡಕೊಂಡಿರ್ತೈತಿ, ನೀ 40ಕ್ಕ ಕಟ್ಟಿಹಾಕಿದ್ರ ಇದ್ದದ್ದೂ ಹೋಗಿ ನೋ ಸರ್ವೀಸ್. ಬ್ಯಾಂಡ್ ಲಾಕ್ ಮಾಡಿ ಮರತು, ಸಿಮ್ ಕೆಟ್ಟೈತಿ ಅಂತ ಅಂಗಡಿಗೆ ಬರಾವ್ರು ತಿಂಗಳಿಗೆ ಇಬ್ಬರರ ಇರ್ತಾರ ನನ್ನ ಹತ್ರ. 4636ರಾಗ ಬ್ಯಾಂಡ್ ಲಾಕ್ ಇರೂದು ಕಡಿಮಿ, ಅಲ್ಲಿ 2ಜಿ 4ಜಿ 5ಜಿ ಆರಿಸೂದು ಇರ್ತೈತಿ. ಎಲ್‌ಟಿಇ ಓನ್ಲಿ ಮಾಡಿ ವೋಲ್ಟಿ (4ಜಿ ಮ್ಯಾಲ ಕಾಲ್ ಮಾಡೂದು) ಬಂದ್ ಇತ್ತಂದ್ರ ನೆಟ್ ಓಡ್ತೈತಿ, ಕಾಲ್ ಬರಂಗಿಲ್ಲ, ಮನ್ಯಾಗ ಬೈಸ್ಕೋತಿ.

ಊರಿಗೆ ಹೋದಾಗ ಮಾಮೂಲಿ ಸೆಟ್ಟಿಂಗಿನ್ಯಾಗ 5ಜಿ ಬಂದ್ ಮಾಡಿ 4ಜಿಗೆ ಇಟ್ಟು ಒಂದಿನ ನೋಡು. ಕೆಲವು 5ಜಿ 4ಜಿ ಆಸರಿ ಇಲ್ಲದ ನಡಿಯಂಗಿಲ್ಲ, ಫೋನ್ ಎರಡೂ ಕಡೆ ಕೈ ಹಿಡಕೊಂಡು ಕುಂತಿರ್ತೈತಿ, ಎರಡು ಖರ್ಚು. ಜಿಯೋದ್ದು 4ಜಿ ಆಸರಿಲ್ಲದ ನಡಿಯೂ ಪೈಕಿ, 700ರ ಬ್ಯಾಂಡೂ ಅವರ ಹತ್ರ ಐತಿ, ಹಂಗಾಗಿ ಕೆಲವು ಊರಾಗ 5ಜಿ ಇಟ್ಟದ್ದ ಚಲೋ ಆಗ್ತೈತಿ. ಎರಡೂ ಒಂದೊಂದಿನ ಇಟ್ಟು ನೋಡೂದ ಸೈ, ನಾ ಇಲ್ಲೆ ಕುಂತು ಹೇಳಿದ್ರ ಕಣಿ ಹೇಳಿದಂಗ ಆಗ್ತೈತಿ.

ಅಪ್ಪನ ಫೋನಿನ ಮಾತು ಚಲೋ ಕೇಳಿದಿ. 900ರ 2ಜಿ ಫೋನಿಗೆ 2 ವ್ಯಾಟ್ ತನಕಾ ಒದರೂ ಶಕ್ತಿ ಐತಿ, ನಿನ್ನ ಫೋನಿನ ಹತ್ತು ಪಟ್ಟು! ಮಾತಾಡೂ ಮುಂದ ಎಂಟು ಪಾಲಿನ್ಯಾಗ ಒಂದ ಪಾಲು ಹೊತ್ತು ಒದರತೈತಿ, ಕಾಲ್ ಇಲ್ಲದಾಗ ಬಾಯಿ ಮುಚ್ಕೊಂಡು ಕಿವಿ ಅಷ್ಟ ತೆರದಿರ್ತೈತಿ. ವಾಟ್ಸಾಪ್ ಇಲ್ಲ, ರೀಲ್ಸ್ ಇಲ್ಲ, ನಾಕ್ ದಿನ ಬರದ ಏನ್ ಮಾಡ್ತೈತಿ.

ಪ್ರಶ್ನೆ ಕೇಳಿದಾಂವ:
ನಂಬರ್ ನೋಡಿದ್ನಿರಿ ಅಣ್ಣಾರ. ಪಡಸಾಲ್ಯಾಗ -104, ಒಳಗಿನ ಕೋಣ್ಯಾಗ -118, ಮಾಳಗಿ ಮ್ಯಾಲ -93. ಒಂದ ಮನ್ಯಾಗ ಹಿಂಗಾ? ಎಲ್ಲಾ ಕಡೆ ಎರಡ ಕಡ್ಡಿ ತೋರಸ್ತೈತಿ ನೋಡ್ರಿ.

ಉತ್ತರ:
ಮಣ್ಣಿನ ದಪ್ಪ ಗ್ವಾಡಿ ಇರ್ಬೇಕು ನಿಮ್ದು. ತಗಡಿನ ಮನಿ ಆಗಿದ್ರ ಇನ್ನೂ ವಜ್ಜಿ ಆಗ್ತಿತ್ತು, ತಗಡು ರೇಡಿಯೋ ಅಲೀನ ತಿರುಗಿ ಹೊಡಿತೈತಿ. ಮಾಳಗಿ ಮ್ಯಾಲಕ್ಕೂ ಒಳಗಿನ ಕೋಣಿಗೂ 25 ಅಂತರ, ಅಂದ್ರ 300 ಪಟ್ಟು. ಬ್ಯಾಂಡ್ ಬದಲ ಮಾಡೂಕಿಂತ ಫೋನ್ ಇಡೂ ಜಾಗ ಬದಲ ಮಾಡು ಅನ್ನೂದು ಇದಕ್ಕ. ರಾತ್ರಿ ಒಳಗಿನ ಕೋಣ್ಯಾಗ ದಿಂಬಿನ ಬಾಜೂ ಇಡಬ್ಯಾಡ, ಪಡಸಾಲಿ ಕಿಟಕ್ಯಾಗ ಇಡು. ಊರಾಗ ಫೈಬರ್ ಬಂದಿದ್ರ ವೈಫೈ ಕಾಲಿಂಗ್ ಆನ್ ಮಾಡು, ಒಳಗ ಟವರ್ ಇಲ್ಲದಿದ್ರೂ ಕಾಲ್ ಬರ್ತಾವ. ಸಿಗ್ನಲ್ ಪೂರಾ ಇಲ್ಲದ ಹೊಲದಾಗ ಏರೋಪ್ಲೇನ್ ಮೋಡ್ ಹಾಕಿಬಿಡು.

ಬ್ಯಾಡಗಿಯಿಂದ:
ಸರ್ ನಂದು ಉಲ್ಟಾ ಐತ್ರಿ. ಸೋಮವಾರ ಗುರುವಾರ ಮೆಣಸಿನಕಾಯಿ ಮಾರ್ಕೆಟ್ಟಿನ್ಯಾಗ ಕಡ್ಡಿ ಫುಲ್ಲು, ನಂಬರೂ -82, ಆದ್ರ ಯುಪಿಐ ತಿರುಗಿ ತಿರುಗಿ ಫೇಲ್. ಬ್ಯಾರೆ ದಿನ ಏನೂ ತ್ರಾಸಿಲ್ಲ.

ಉತ್ತರ:
ಅದು ಜಾತ್ರಿ ಬಸ್ ಇದ್ದಂಗ್ರಿ, ಬಸ್ ಎದುರಿಗೇ ನಿಂತೈತಿ, ಒಳಗ ಕಾಲಿಡಾಕ ಜಾಗ ಇಲ್ಲ. ಸಂತಿ ದಿನ ಸಾವಿರಾರು ಮಂದಿ ಒಂದ ಟವರ್ ಮ್ಯಾಲ ಬೀಳ್ತಾರ. ನಂಬರ್ ಸಿಗ್ನಲ್ ಜೋರು ಎಷ್ಟು ಅಂತ ಹೇಳ್ತೈತಿ, ನಿಮಗ ಸರದಿ ಯಾವಾಗ ಸಿಗ್ತೈತಿ ಅನ್ನೂದನ್ನ ಹೇಳಂಗಿಲ್ಲ. ಇಲ್ಲಿ ಬೇಕಾದ್ರ ಬ್ಯಾಂಡ್ ಬದಲ ಮಾಡೂದು ಕೆಲಸಕ್ಕ ಬರ್ತೈತಿ ನೋಡ್ರಿ, ನಾ ಪೂರಾ ಬ್ಯಾಡ ಅನ್ನಂಗಿಲ್ಲ. ಎಲ್ಲಾರೂ ದೂರ ಮುಟ್ಟೂ ಬ್ಯಾಂಡಿನ್ಯಾಗ ತುಂಬಿದ್ರ 2300 ಖಾಲಿ ಇರಬಹುದು. ಆದ್ರ ಮಾರ್ಕೆಟ್ ಬಿಟ್ಟು ಹೊಂಟಕೂಡ್ಲೆ ತಿರುಗಿ ಆಟೋಕ್ಕ ಹಾಕಬೇಕು. ಅದಕ್ಕಿಂತ ಸಸಾರ ಅಂದ್ರ 5ಜಿ ಇದ್ರ 4ಜಿ ಮಾಡ್ರಿ, 4ಜಿ ಇದ್ರ 5ಜಿ ಮಾಡ್ರಿ, ಇಲ್ಲಾ ಬ್ಯಾರೆ ಕಂಪನಿದು ಎರಡನೇ ಸಿಮ್ ಇಟ್ಟು ಡೇಟಾ ಅದಕ್ಕ ತಿರುವ್ರಿ.

ಧಾರವಾಡ, ಹಾಸ್ಟೆಲ್ ವಿದ್ಯಾರ್ಥಿನಿ:
ಸರ್, ನನ್ನ ಫೋನ್‌ನಾಗ ಎರಡು ಸಿಮ್ ಅವ. ಒಂದಕ್ಕ ರೂಮಿನಾಗ ಸಿಗ್ನಲ್ ಇರೂದೇ ಇಲ್ಲ, ಅದಕ್ಕ ರಿಚಾರ್ಜೂ ಮಾಡಸಿಲ್ಲ. ಅದು ಸುಮ್ಮನ ಇದ್ರ ಚಾರ್ಜ್ ತಿಂತದೇನ್ರಿ?

ಉತ್ತರ:
ತಿಂತೈತಿ ತಂಗಿ. ರಿಚಾರ್ಜ್ ಇರ್ಲಿ ಬಿಡ್ಲಿ, ಫೋನು ಆ ಸಿಮ್ಮಿನ ಟವರ್ ಹುಡುಕೂದು ಬಿಡಂಗಿಲ್ಲ. ಸಿಮ್ ಸೆಟ್ಟಿಂಗಿನ್ಯಾಗ ಅದನ್ನ ಆಫ್ ಮಾಡು. ಬ್ಯಾಂಕಿನ ಓಟಿಪಿ ಆ ನಂಬರಿಗೆ ಬರ್ತಾವೇನು ನೋಡ್ಕೋ ಮೊದಲ.

ರಾಣೆಬೆನ್ನೂರಿನಿಂದ:
ಅಣ್ಣಾರ, ಗೋಡೌನಿನ್ಯಾಗ ಸಿಗ್ನಲ್ ಬರಂಗಿಲ್ಲ. ಆನ್‌ಲೈನ್‌ನ್ಯಾಗ ಬೂಸ್ಟರ್ ಸಿಗ್ತಾವಲ್ಲ, ಮ್ಯಾಲ ಒಂದು ಆಂಟೆನಾ ಒಳಗ ಒಂದು ಆಂಟೆನಾ, ತರಿಸ್ಲೇನ್ರಿ? ಫೋನಿನ ಹಿಂದ ಹಚ್ಚೂ ಬೂಸ್ಟರ್ ಸ್ಟಿಕ್ಕರೂ ಅದಾವಂತ.

ಉತ್ತರ:
ಸ್ಟಿಕ್ಕರ್ ಅಂದ್ರ ಬರೇ ಸ್ಟಿಕ್ಕರ್, ಗಾಡಿಗೆ ನಿಂಬಿಹಣ್ಣು ಕಟ್ಟಿದಂಗ. ಬೂಸ್ಟರ್ ಮಾತ್ರ ತರಿಸಬ್ಯಾಡ್ರಿ, ಪರವಾನಿಗಿ ಇಲ್ಲದ ಹಚ್ಚೂದು ಕಾಯ್ದೆ ಪ್ರಕಾರ ಅಪರಾಧ. ಕಾಯ್ದೆ ಒಂದ ಕಡೆ ಇರ್ಲಿ, ನಾ ಫೀಲ್ಡಿನ್ಯಾಗ ಇದ್ದಾಗ ಒಂದ ಏರಿಯಾದಾಗ ದಿನಾ ಸಂಜಿಕ ಎಲ್ಲಾರ ಕಾಲೂ ಕಟ್ ಆಗ್ತಿದ್ವು. ಟವರ್ ಚೆಕ್ ಮಾಡಿದ್ವಿ, ಕೇಬಲ್ ಬದಲ ಮಾಡಿದ್ವಿ, ಎಂಟ್ ದಿನ ತಿರುಗಿದ್ವಿ. ಕಡೀಕ ದಿಕ್ಕು ಹಿಡಿಯೂ ಆಂಟೆನಾ ಕೈಯಾಗ ಹಿಡಕೊಂಡು ಓಣಿ ಓಣಿ ಅಡ್ಡಾಡಿದ್ರ ಒಂದು ಲಾಡ್ಜಿನ ಮ್ಯಾಲ ಇಂಥಾದ್ದ ಒಂದ್ ಡಬ್ಬಿ! ಸಂಜಿಕ ಗಿರಾಕಿ ಬಂದಾಗ ಹಚ್ತಿದ್ರು, ಅದು ಸಿಗ್ನಲ್ ಜೋಡಿ ಗದ್ದಲಾನೂ ಹಿಗ್ಗಿಸಿ ಟವರ್ ಕಿವ್ಯಾಗ ಹೊಯ್ಯಾಕತ್ತಿತ್ತು. ನೀವು ಗೋಡೌನಿಗೆ ಬ್ರಾಡ್‌ಬ್ಯಾಂಡ್ ಹಾಕಿಸಿ ವೈಫೈ ಕಾಲಿಂಗ್ ಮಾಡ್ರಿ, ಅದಕ್ಕ ಯಾರೂ ಏನೂ ಅನ್ನಂಗಿಲ್ಲ.

ಪ್ರಶ್ನೆ ಕೇಳಿದಾಂವ (ಎರಡು ವಾರ ಬಿಟ್ಟು):
ಅಣ್ಣಾರ, 5ಜಿ ಬಂದ್ ಮಾಡಿ ಪಡಸಾಲಿ ಕಿಟಕ್ಯಾಗ ಇಟ್ನಿ, ಫೋಟೋ ಬ್ಯಾಕಪ್ಪು ವೈಫೈ ಇದ್ದಾಗಷ್ಟ ಅಂತ ಮಾಡಿದ್ನಿ. ಹೋದ ಐತವಾರ ರಾತ್ರಿ ಒಂಬತ್ತಕ್ಕ 40 ಪರ್ಸೆಂಟ್ ಉಳದಿತ್ತು! ಈಗ ಮನಿಗೆ ಬಂದಾವ್ರೆಲ್ಲಾ ಅದ ಕಿಟಕ್ಯಾಗ ಫೋನ್ ಇಡ್ತಾರ, ಚಾರ್ಜಿಗೂ ಅಲ್ಲೆ ಹಚ್ತಾರ, ನಮ್ಮವ್ವಗ ಸಂಡಿಗಿ ತಾಟು ಇಡಾಕ ಜಾಗ ಇಲ್ಲಂತ.

ಉತ್ತರ:
ಸಂಡಿಗೀಗೆ ಜಾಗ ಬಿಟ್ಟುಕೊಡ್ರಿ, ಬಿಸಿಲು ಬೀಳೂ ಕಿಟಕಿ ಅಂದ್ರ ಫೋನಿಗೆ ಚಲೋ ಅಲ್ಲ. ಕಾದ ಬ್ಯಾಟರಿಗೆ ಚಾರ್ಜ್ ಹಚ್ಚಿದ್ರ ಅದರ ಆಯುಷ್ಯ ಕಡಿಮಿ ಆಗ್ತೈತಿ. ಕಿಟಕಿ ಬಾಜೂ ನೆರಳಿನ್ಯಾಗ ಒಂದು ಗೂಡು ಇರ್ತೈತಲ್ಲ, ಅಲ್ಲೆ ಇಟ್ಟು ನಂಬರ್ ನೋಡು, ಎರಡ್ಮೂರು ಕಡಿಮಿ ಬಂದ್ರೂ ನಡೀತೈತಿ.